ನೀಲಿ ಕಾಗಿ ಎಡಿ ಮುಟ್ಟಿದ್ದು

ಕಾಗಿ ಬರಲಿಲ್ಲ. ಬೇಕಾದಾಗ ಯಾವದೂ ಬರೂದಿಲ್ಲ ಅನ್ನೂದು ನಂಗ ಗೊತ್ತೈತಿ, ಬಸ್ಸು ಬರೂದಿಲ್ಲ, ಕರೆಂಟು ಬರೂದಿಲ್ಲ. ಆದ್ರ ಕಾಗಿ! ಅವ್ವ ಮಾಳಿಗಿ ಮ್ಯಾಲ ಸಂಡಗಿ ಒಣ ಹಾಕಿದ್ರ ಓಣ್ಯಾಗಿನ ಕಾಗಿ ಎಲ್ಲಾ ಬಂದು ಪಂಚಾಯ್ತಿ ಮಾಡ್ತಾವು, ಕೋಲು ಹಿಡಕೊಂಡು ಕಾಯಬೇಕು. ಅಪ್ಪ ಸತ್ತ ಮೂರನೇ ದಿನ ಎಡಿ ಇಟ್ಟು, ಕೈ ಮುಗದು, ಬರ್ರೋ ಅಂತ ಕರದ್ರ ಒಂದೂ ಸುಳೀಲಿಲ್ಲ. ಊರಾಗ ಅವತ್ತ ಸಂತಿ ಇತ್ತು. ಎಲ್ಲಾ ಅಲ್ಲೇ ಹೋಗಿರಬೇಕು.

ನಮ್ಮ ಕಡೆ ಪದ್ಧತಿ ಹಿಂಗೈತಿ. ಸತ್ತವರಿಗೆ ಇಷ್ಟ ಆಗ್ತಿದ್ದ ಅಡಗಿ ಎಲ್ಲಾ ಮಾಡಿ, ಅವರನ್ನ ಇಟ್ಟ ಜಾಗಾದ ಹಂತ್ಯಾಕ ಬಾಳಿ ಎಲಿ ಮ್ಯಾಲ ಬಡಸಬೇಕು. ಅದಕ್ಕ ಎಡಿ ಅಂತೀವಿ. ಬಡಿಸಿ ದೂರ ಸರದು ನಿಂದರಬೇಕು. ಕಾಗಿ ಬಂದು ಮುಟ್ಟಿದ್ರ ಸತ್ತವರು ಉಂಡ್ರು ಅಂತ ತಿಳಕೊಂಡು ಆಮ್ಯಾಲ ನಾವು ಉಣಬೇಕು. ಮುಟ್ಟಲಿಲ್ಲ ಅಂದ್ರ ಅವರದ ಏನೋ ಒಂದು ಆಸೆ ಉಳದೈತಿ. ಅದೇನಂತ ಮನಿಯವರು ಗುರ್ತು ಹಿಡದು, ನಾ ಅದನ್ನ ತೀರಸ್ತೀನಿ ಅಂತ ಎಲ್ಲಾರ ಎದುರಿಗೆ ಮಾತು ಕೊಡಬೇಕು. ಮಾತು ಬಿತ್ತಂದ್ರ ಕಾಗಿ ಬರತೈತಿ. ಹಿಂಗಂತ ಹಿರೇರು ಹೇಳ್ಕೊಂತ ಬಂದಾರ.

ನಮ್ಮ ಹೊಲ ರೋಣದಿಂದ ಗಜೇಂದ್ರಗಡಕ್ಕ ಹೋಗೋ ರಸ್ತಾಕ್ಕ ಹತ್ತೇ ಐತಿ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಇದ್ದ. ರೋಣ, ನರಗುಂದ, ಗಜೇಂದ್ರಗಡ ಅಂತ ಇದ ರಸ್ತಾದಾಗ ಜೀವಾ ಸವಸಿದಾಂವ. ಸತ್ತ ಮ್ಯಾಲೂ ಬಸ್ಸಿನ ಸಪ್ಪಳ ಕೇಳಬೇಕು, ನನ್ನ ಹೊಲದ ದಂಡಿಗೆ ಇಡ್ರಿ ಅಂತ ಮೊದಲ ಹೇಳಿಟ್ಟಿದ್ದ. ಕೇಳಸೂದರ ಹ್ಯಾಂಗ? ಇಂಜಿನ್ ಮಗ್ಗಲಾ ಕುಂತು ಕುಂತು ಎಡಗಿವಿ ಪೂರಾ ಹೋಗಿತ್ತು. ಅವನ ಕೂಡ ಮಾತಾಡಬೇಕಂದ್ರ ಬಲಕ್ಕ ಬಂದು ಮಾತಾಡಬೇಕು, ಇಲ್ಲಾ ಒದರಬೇಕು. ನಮ್ಮ ಮನ್ಯಾಗ ಎಲ್ಲಾರ ದನಿ ದೊಡ್ಡದಾಗಿದ್ದು ಅದಕ್ಕ.

ಅವತ್ತಿನ ಕಾರುಬಾರೆಲ್ಲಾ ಮುಶಿಗೇರಿ ಅತ್ತೀದು. ಅಪ್ಪನ ಅಕ್ಕ ಅಕಿ. ಮುಶಿಗೇರಿಗೆ ಕೊಟ್ಟಾರಂತ ಹಂಗ ಅಂತೀವಿ. ಅಕಿ ಬಂದ ಮನ್ಯಾಗ ಉಳದವರಿಗೆ ಕೆಲಸಾನೂ ಇರೂದಿಲ್ಲ, ಬಾಯೀನೂ ಇರೂದಿಲ್ಲ. ಇನ್ನೊಬ್ಬಾಂವ ಸವಡಿ ಕಾಕಾ, ಅಪ್ಪನ ತಮ್ಮ. ಹಸಿವು ತಡಿಯೂದಾಗಂಗಿಲ್ಲ, ಸಿಟ್ಟೂ ತಡಿಯೂದಾಗಂಗಿಲ್ಲ. ಎಲಿ ಮ್ಯಾಲ ರೊಟ್ಟಿ, ಎಣಗಾಯಿ, ಹೋಳಿಗಿ, ಒಂದು ಗ್ಲಾಸ್ ಚಹಾ, ಬಸ್‌ಸ್ಟ್ಯಾಂಡ್ ಗಾಡಿಯಿಂದ ತಂದ ಮಿರ್ಚಿ ಭಜಿ. ಗಾಡಿ ಭಜಿ ಎಡಿಗೆ ನಡೆಯೂದಿಲ್ಲ ಅಂತ ಅತ್ತಿ, ಅಣ್ಣ ಮನೀ ಭಜಿ ಎಂದ ತಿಂದಾನ ಅಂತ ಕಾಕಾ. ಹೂಣಿದ ಮಣ್ಣು ಇನ್ನಾ ಹಸೀ ಐತಿ, ಇವರು ಭಜಿ ಸಲುವಾಗಿ ಜಗಳಕ್ಕ ನಿಂತಿದ್ರು.

ಅವ್ವ ಬೇವಿನ ಗಿಡದ ಕೆಳಗ ಕುಂತಿದ್ಳು. ಅಪ್ಪ ಹೋದಾಗಿಂದ ಅಕಿ ಅತ್ತಿರಲಿಲ್ಲ, ಮಾತಾಡಿರಲಿಲ್ಲ, ಹೊಟ್ಟಿಗೆ ಸರಿಯಾಗಿ ಏನೂ ಹಾಕ್ಕೊಂಡಿರಲಿಲ್ಲ. ಮ್ಯಾಲ ಶುಗರ್ ಬ್ಯಾನಿ ಬ್ಯಾರೆ. ಮುಂಜಾನೆದ್ದು ರೂಢಿ ಪ್ರಕಾರ ಗುಳಿಗಿ ನುಂಗಿಬಿಟ್ಟಿದ್ಳು, ನಂಗ ಗೊತ್ತಾಗೂದ್ರಾಗ ತಡಾ ಆಗಿತ್ತು. ಗುಳಿಗಿ ನುಂಗಿ ಉಣಲಿಲ್ಲ ಅಂದ್ರ ಶುಗರ್ ಇಳದು, ಕೈ ನಡಗಿ, ಬೆವತು, ಎಚ್ಚರ ತಪ್ಪತೈತಿ ಅನ್ನೂದು ಶುಗರ್ ಇದ್ದ ಮನಿಯವರಿಗೆ ನಾ ಹೇಳಬೇಕಾಗಿಲ್ಲ. ಹೊತ್ತು ನೆತ್ತಿಗೆ ಬರಾಕ ಹತ್ತಿತ್ತು. ನನ್ನ ಕಣ್ಣು ಒಮ್ಮೆ ಮುಗಲಿನ ಕಡೆ, ಒಮ್ಮೆ ಅಕಿ ಕೈ ಕಡೆ.

ಈಗ ಇನ್ನೊಂದ ಮಾತು ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ಕಾಗಿ ಸಲುವಾಗಿ ನಂಗೂ ಅಪ್ಪಗೂ ಹಳೇ ಜಗಳ ಇತ್ತು.

ನಮ್ಮಪ್ಪಗ ರೆಕ್ಕಿ ಇದ್ದದ್ದೆಲ್ಲಾ ಕಾಗಿ. ಗಿಳಿ ಹಸರ ಕಾಗಿ. ಬೆಳ್ಳಕ್ಕಿ ಬಿಳೇ ಕಾಗಿ. ನವಿಲು ಜರತಾರಿ ಕಾಗಿ. ಗೊತ್ತಿಲ್ಲದ ಅಂತಿದ್ದಿಲ್ಲ, ಎಲ್ಲಾ ಗೊತ್ತಿತ್ತು ಆ ಮನಷ್ಯಾಗ. ಬರೇ ನನ್ನ ಕೆಣಕಾಕ. ನಾ ಗಜೇಂದ್ರಗಡಕ್ಕ ಕಾಲೇಜಿಗೆ ಹೋಗುವಾಗ ಅವನ ಬಸ್ಸಿನಾಗ, ಅವನ ಹಿಂದಿನ ಸೀಟಿನಾಗ ಕುಂದರ್ತಿದ್ದೆ. ಸೂಡಿ ಕ್ರಾಸ್ ದಾಟಿದ ಮ್ಯಾಲ ಕರೆಂಟಿನ ತಂತಿ ಮ್ಯಾಲ ಒಂದು ಹಕ್ಕಿ ದಿನಾ ಇರತಿತ್ತು. ಕೆಂಪು ಕೊಕ್ಕು, ಕಂದು ತಲಿ, ಬಿಳೇ ಎದಿ, ಬೆನ್ನು ರೆಕ್ಕಿ ಎಲ್ಲಾ ಕಣ್ಣು ಕುಕ್ಕೂವಂಥಾ ನೀಲಿ. ಗೇರ್ ಬದಲಿ ಮಾಡ್ಕೋತ ಅಪ್ಪ ಒದರ್ತಿದ್ದ:

"ನೋಡವಾ, ನಿನ್ನ ನೀಲಿ ಕಾಗಿ ಕುಂತೈತಿ!"

"ಅಪ್ಪಾ, ಅದು ಕಾಗಿ ಅಲ್ಲ, ಮಿಂಚುಳ್ಳಿ!"

"ರೆಕ್ಕಿ ಅದಾವಿಲ್ಲೋ?"

"ಅದಾವ."

"ಮತ್ತ? ಕಾಗಿ!"

ಬಸ್ಸಿಗೆ ಬಸ್ಸ ನಗತಿತ್ತು. ಕಂಡಕ್ಟರ್ ಸೀಟಿ ಊದಿ ಅಪ್ಪನ ಪರ ಓಟು ಹಾಕ್ತಿದ್ದ. ನನ್ನ ಮುಖ ಕೆಂಪಾಗೂದು, ಕನ್ನಡ್ಯಾಗ ಅದನ್ನ ನೋಡಿ ಅಪ್ಪ ಇನ್ನೊಂದ ಸಲ ಅನ್ನೂದು. ನಾ ಮುಂದ ಧಾರವಾಡದಾಗ ಪ್ರಾಣಿಶಾಸ್ತ್ರ ಓದಿದೆ, ನರಗುಂದದಾಗ ಪಿಯು ಕಾಲೇಜಿಗೆ ಕಲಸಾಕ ಸೇರಿದೆ. ಪರೀಕ್ಷಾದಾಗ ಹಕ್ಕಿ ಹೆಸರು ತಪ್ಪು ಬರದ್ರ ಹುಡುಗರಿಗೆ ಸೊನ್ನಿ ಹಾಕ್ತೀನಿ ಅಂತ ಹೆಸರು ಮಾಡಿದೆ. ಅಪ್ಪ ಮಾತ್ರ ಬದಲಾಗಲಿಲ್ಲ. ರಿಟೈರ್ ಆಗಿ ಹೊಲದಾಗ ಕುಂತ್ರೂ ಇದ ಹಾಡು. ಯಾಕಂದ್ರ ಅದ ಜಾತಿ ಹಕ್ಕಿ ನಮ್ಮ ಬಾಂವಿ ಗೋಡ್ಯಾಗ ತೂತು ಕೊರದು ಮರಿ ಮಾಡತಿತ್ತು, ಹೊಲದ ತಂತಿ ಮ್ಯಾಲ ಕುಂದರತಿತ್ತು.

ಖರೇ ಹೇಳಬೇಕಂದ್ರ ಅಪ್ಪನಕಿಂತ ಪುಸ್ತಕದವರು ನನ್ನ ಹೆಚ್ಚು ಕಾಡ್ಯಾರ. ಕನ್ನಡ ಪುಸ್ತಕದಾಗ ಇದಕ್ಕ ಗದ್ದೆ ಮಿಂಚುಳ್ಳಿ ಅಂತಾರ. ಎಲ್ಲೈತ್ರೀ ಗದ್ದಿ? ನಮ್ಮದು ಎರೀ ಹೊಲ, ಜ್ವಾಳ, ಕಡ್ಲಿ, ಹೆಸರು. ನಮ್ಮ ಹುಡುಗರಿಗೆ ಗದ್ದಿ ಅಂದ್ರ ಟೀವ್ಯಾಗ ಕಾಣೂದು. ಇಂಗ್ಲೀಷಿನವರು ಕಿಂಗ್‌ಫಿಶರ್ ಅಂದ್ರು, ಮೀನು ಹಿಡಿಯೂದರಾಗ ರಾಜಾ. ನಮ್ಮ ಹೊಲದ ರಾಜಾ ಹುಟ್ಟಿದಾಗಿಂದ ಮೀನಿನ ಮುಖಾ ನೋಡಿಲ್ಲ. ಮಿಡತಿ, ಹಲ್ಲಿ, ಓತಿಕ್ಯಾತ ತಿಂದು ಬದುಕೈತಿ. ನಾ ಓದುವಾಗ ಅದು ವೈಟ್ ಬ್ರೆಸ್ಟೆಡ್. ನಾ ಕಲಸಾಕ ಹತ್ತೂದ್ರಾಗ ವೈಟ್ ಥ್ರೋಟೆಡ್ ಆಗಿತ್ತು. ಎದಿ ಬಿಳೇದು ಅಂತ ಬಾಯಿಪಾಠ ಮಾಡಿಸಿದ ಮ್ಯಾಲ, ಇಲ್ಲಿಲ್ಲ, ಗಂಟಲಾ ಬಿಳೇದು ಅನ್ನಬೇಕು. ಹಕ್ಕಿ ಅದ, ಬಣ್ಣ ಅದ!

ಶಾಸ್ತ್ರದ ಹೆಸರು ಕೇಳಿದ್ರಂತೂ ತಲಿ ಕೆಟ್ಟು ಕೆರಾ ಹಿಡೀತೈತಿ. ಹಾಲ್ಸಿಯಾನ್ ಸ್ಮಿರ್ನೆನ್ಸಿಸ್. ಸ್ಮಿರ್ನಾ ಅನ್ನೂದು ಟರ್ಕಿ ದೇಶದಾಗಿನ ಒಂದು ಬಂದರು. ಉಷ್ಣವಲಯದಾಗ, ನಮ್ಮಂಥಾವರ ತಂತಿ ತಂತಿಗೆ ಕುಂದರೋ ಹಕ್ಕಿ, ಹೆಸರು ಮಾತ್ರ ಎಲ್ಲೋ ಮೂಲ್ಯಾಗ ಒಂದಿಷ್ಟು ಕಂಡ ಊರಿಂದು. ಮೊದಲು ಒಂದು ಕುಲದಾಗ ಇಟ್ಟಿದ್ರು, ಆಮ್ಯಾಲ ತಗದು ಇನ್ನೊಂದರಾಗ ಇಟ್ರು. ಕುಟುಂಬಾನೂ ಹಂಗ: ಎಲ್ಲಾ ಮಿಂಚುಳ್ಳಿ ಒಂದ ಅಂತ ಒಬ್ಬರು, ಅಲ್ಲ ಮೂರು ಅಂತ ಇನ್ನೊಬ್ಬರು, ಮತ್ತ ಒಂದ ಅಂತ ಮಗದೊಬ್ಬರು. ನಮ್ಮ ಕಡೆ ಅಣ್ಣತಮ್ಮರು ಪಾಲಾಗಿ, ನಡುವ ಗೋಡಿ ಹಾಕಿ, ಆಮ್ಯಾಲ ಅದನ್ನ ಕೆಡವಿ ಒಂದ ಒಲಿ ಹೂಡಿದಂಗ. ನಾ ಯಾವ ವರ್ಷ ಏನ ಕಲಸಲಿ?

ಇದನ್ನೆಲ್ಲಾ ಒಂದಿನ ಸಿಟ್ಟಿನಾಗ ಅಪ್ಪನ ಮುಂದ ಒದರಿದೆ. ಒದರೂ ಭರದಾಗ ಇನ್ನೊಂದನ್ನೂ ಹೇಳಿಬಿಟ್ಟೆ. ಮಿಂಚುಳ್ಳಿಗೋಳು, ನೀಲಕಂಠ ಇವೆಲ್ಲಾ ಸೇರಿದ ಒಂದು ದೊಡ್ಡ ಗುಂಪೈತಿ. ಕೊರಾಸಿಫಾರ್ಮಿಸ್ ಅಂತ. ನೀಲಕಂಠದ ಹೆಸರಿಂದ ಆ ಗುಂಪಿಗೆ ಹೆಸರು ಬಂತು, ಆ ಹೆಸರಿನ ಬೇರು ಹಿಡದು ಹೋದ್ರ ಗ್ರೀಕ್ ಭಾಷಾದಾಗ ಕಾಗಿ ಸಿಗತೈತಿ. ಅಂದ್ರ ಕಾಗಿಯಂಥಾವು ಅಂತ. ಖರೇ ಕಾಗಿ ಮಾತ್ರ ಆ ಗುಂಪಿನಾಗ ಇಲ್ಲ, ಅದು ಗುಬ್ಬಿ ಮೈನಾ ಇರೋ ಇನ್ನೊಂದು ಗುಂಪಿನಾಗೈತಿ. ಇಂಥಾ ಹೆಸರ ಯಾಕ ಇಡಬೇಕು ಇವರು, ಅಂತ ನನ್ನ ತಕರಾರು.

ಅಪ್ಪ ಎದ್ದು ನಿಂತ. ಬಲಗಿವಿ ನನ್ನ ಕಡೆ ಮಾಡಿ, "ಇನ್ನೊಮ್ಮೆ ಹೇಳು" ಅಂದ. ಹೇಳಿದೆ. ಅಷ್ಟ ಸಾಕಾತು. ಅವತ್ತಿಂದ ಹಿಡದು ಆ ಮನಷ್ಯಾನ ಹಿಡಿಯೂದಾಗಲಿಲ್ಲ. ಕಟಿಂಗ್ ಅಂಗಡ್ಯಾಗ, ಚಹಾದಂಗಡ್ಯಾಗ, ಹಾದೀಲೆ ಹೋಗೋರ ಮುಂದ ಎಲ್ಲಾ: "ನಮ್ಮ ಹುಡುಗಿ ಸಾಯನ್ಸೂ ಒಪ್ಪೈತಿ, ಅದು ಕಾಗೀನ!"

"ಅಪ್ಪಾ, ಅದು ಹೆಸರಿಟ್ಟವರ ಎಡವಟ್ಟು. ಹಕ್ಕಿ ಕಾಗಿ ಅಲ್ಲ."

"ಹೋಗಲಿ, ನಿನ್ನ ಬಾಯಿಲೆ ಒಮ್ಮೆ ಕಾಗಿ ಅನ್ನು. ನಿನ್ನ ಗಂಟೇನ ಹೋಗತೈತಿ?"

"ಅನ್ನಂಗಿಲ್ಲ."

"ಅನ್ನಸ್ತೀನಿ ನೋಡು."

ಅಡಗಿಮನಿಯಿಂದ ಅವ್ವ, "ಏ, ಇಬ್ಬರೂ ಬಾಯಿ ಮುಚ್ಚಿ ಉಣಾಕ ಬರ್ರಿ" ಅಂತ ಒದರೂತನಕಾ ಇದು ನಡೀತಿತ್ತು. ಮರದಿನ ಮತ್ತ ಶುರು.

ಇರಲಿ. ಹೊಲಕ್ಕ ಬರ್ತೀನಿ. ಕಾಗಿ ಬರಲಿಲ್ಲ ಅಂದ್ನೆಲ್ಲ, ಕಾಕಾನ ಹೊಟ್ಟಿ ಮೊದಲು ಮಾತಾಡ್ತು. ಎಡಿ ಮುಂದ ಹೋಗಿ ನಿಂತು, "ಅಣ್ಣಾ, ಬಾಂವಿಗೆ ಸುತ್ತ ಕಟ್ಟಿ ಕಟ್ಟಸಬೇಕಂತಿದ್ದಿ. ಕಟ್ಟಸ್ತೀನಿ, ಬಾ, ಉಣ್ಣು" ಅಂದ. ಮುಗಲು ಖಾಲಿ. ಬಾಜೂ ಹೊಲದ ಅಜ್ಜ ಒಬ್ಬಾಂವ, "ಕಾಶಿ ನೋಡೋ ಆಸೆ ಇತ್ತೇನೋ" ಅಂದ. ನಮ್ಮಪ್ಪ! ಬಸ್ಸ ಬಿಟ್ಟು ಇಳದ್ರ ಕಾಲು ನೂಸ್ತಾವ ಅನ್ನಾಂವ! ಆದ್ರೂ ಕಾಕಾ, "ಅತ್ತಿಗಿನ್ನ ಕಾಶಿಗೆ ಕರಕೊಂಡು ಹೋಗ್ತೀನಿ" ಅಂದ. ಕಾಗೀದು ಸುದ್ದಿನ ಇಲ್ಲ. ನಾ ಅವ್ವನ ಹಂತ್ಯಾಕ ಹೋಗಿ ಒಂದ ಚೂರು ಬೆಲ್ಲ ಬಾಯಿಗೆ ಹಿಡದೆ. ಅಕಿ ತುಟಿ ಬಿಗಿ ಹಿಡದು ಎಡಿ ಕಡೆ ಕೈ ಮಾಡಿದ್ಳು. ಅಂವ ಉಣಲಿ ಮೊದಲು ಅಂತ. ಆ ಕೈ ನಡಗತಿತ್ತು.

ಆವಾಗ ಅತ್ತಿ ಗಂಟಲಾ ಸರಿ ಮಾಡ್ಕೊಂಡ್ಳು. ಅಕಿ ಗಂಟಲಾ ಸರಿ ಮಾಡ್ಕೊಂಡ್ಳಂದ್ರ ಯಾರದರ ತಲಿ ಮ್ಯಾಲ ಏನರ ಬೀಳೂದ.

"ಎಲ್ಲಾರಿಗೂ ಗೊತ್ತಿದ್ದದ್ದನ್ನ ಯಾರೂ ಬಾಯಿ ಬಿಡವಲ್ರಿ," ಅಂದ್ಳು. "ಒಬ್ಬಾಕಿ ಮಗಳು. ಮದುವಿ ಇಲ್ಲ ಮಕ್ಕಳಿಲ್ಲ, ನರಗುಂದದಾಗ ಒಬ್ಬಾಕೀನ ಬಾಡಗಿ ಮನ್ಯಾಗ ಇರತಾಳ. ಯಾವ ತಂದಿ ಹೊಟ್ಟಿ ತಣ್ಣಗಿದ್ದೀತು? ಮದುವಿ ಆಗ್ತೀನಂತ ಇಕಿ ಮಾತು ಕೊಡಲಿ, ಕಾಗಿ ಈಗ ಬರತೈತಿ."

ನನ್ನ ಸಿಟ್ಟು ನೆತ್ತಿಗೇರಿತು. ಅಪ್ಪನ್ನ ಮಣ್ಣಾಗ ಇಟ್ಟು ಇನ್ನಾ ಕೈ ಒಣಗಿಲ್ಲ, ಇಕಿ ಸಂಬಂಧ ಕುದರಸಾಕ ನಿಂತಾಳ! ವರಾನೂ ತಯಾರಿದ್ದ. ಅಕಿ ಮೈದುನನ ಮಗ, ಹೆಂಡತಿ ತೀರಿಕೊಂಡಾಂವ. ವರ್ಷಗಟ್ಟಲೆ ಅವನ ಹೆಸರು ನನ್ನ ಕಿವಿಗೆ ಬೀಳಾಕ ಹತ್ತಿತ್ತು. ಪಾಪ, ಅವನ ತಪ್ಪಿಲ್ಲ, ಅವನ್ನ ಯಾರೂ ಕೇಳಿರಲಿಕ್ಕಿಲ್ಲ.

"ಅತ್ತಿ, ಅಪ್ಪ ನಂಗ ಒಂದ ದಿನಾ ಮದುವಿ ಆಗು ಅಂದಿಲ್ಲರೀ," ಅಂದೆ.

"ಬಾಯಿ ಬಿಟ್ಟು ಅನ್ನಲಿಲ್ಲ. ಒಳಗ ಇತ್ತು."

"ಒಳಗ ಇದ್ದದ್ದು ನಿಮಗ ಹ್ಯಾಂಗ ಕಂಡೀತ್ರಿ?"

"ನಂಗಲ್ಲವಾ, ಕಾಗಿಗೆ ಕಂಡೈತಿ. ಅದಕ್ಕ ಬರವಲ್ದು."

ನಮ್ಮ ಎಂಎಸ್ಸಿ ಪುಸ್ತಕದಾಗ ಇಂಥಾ ಕಾಗಿ ಇರಲಿಲ್ಲ. ಸುತ್ತ ನಿಂತವರೆಲ್ಲಾ ಹೌದ ಹೌದ ಅಂದ್ರು. ಅವರಿಗೂ ಹಸಿವು. ನನ್ನ ಮದುವೀಲೆ ಅವರಿಗೆ ಊಟಾ ಸಿಗೂದಿತ್ತು, ಅದೂ ತಡ ಇಲ್ಲದ, ಅವತ್ತ ಮಧ್ಯಾಹ್ನಾನ.

ಬರೇ ಬಾಯಿಮಾತಲ್ಲೇನು, ಅಂದುಬಿಟ್ರಾತು, ಅಂತ ನೀವು ಅನ್ನಬಹುದು. ನಮ್ಮ ಮನೆತನದಾಗ ಎಡಿ ಮುಂದ ಆಡಿದ ಮಾತು ಯಾರೂ ಮುರದಿಲ್ಲ. ಅಜ್ಜನ ಎಡಿಗೆ ಕಾಕಾ ತಂಬಾಕು ಬಿಡ್ತೀನಂದ. ಬಿಟ್ಟ, ಅವತ್ತಿಂದ ಅವನ ಸಿಟ್ಟು ಇಳದಿಲ್ಲ. ಅಜ್ಜಿ ಎಡಿಗೆ ಅತ್ತಿ ತನ್ನ ನೆಗೆಣ್ಣಿ ಜೋಡಿ ಮಾತು ಬಿಟ್ಟಾಕಿ ಮತ್ತ ಮಾತಾಡ್ತೀನಂದ್ಳು. ಇವತ್ತಿಗೂ ಹಲ್ಲು ಕಡಕೊಂಡು ಮಾತಾಡ್ತಾಳ. ನಾನೂ ಈ ಮನೀ ಹುಡುಗಿ. ನಂಬಿಕಿ ಇರಲಿ ಬಿಡಲಿ, ಅಪ್ಪನ ಮಣ್ಣಿನ ಮುಂದ ಸುಳ್ಳ ಮಾತು ಕೊಡೂದು ನನ್ನ ಕಡೆ ಆಗೂದಿಲ್ಲ. ಕೊಟ್ರ ಆಗಬೇಕು. ಒಬ್ಬಾಕಿ ಇದ್ರೂ ನನ್ನ ಬದುಕು ನಂಗ ಚಲೋ ಇತ್ತು. ನನ್ನ ಮನಿ, ನನ್ನ ಗಾಡಿ, ಆಯಿತವಾರ ದುರ್ಬೀನು ಹಿಡಕೊಂಡು ಕೆರೀ ದಂಡಿ. ಅದನ್ನ ಬಿಟ್ಟುಕೊಡಾಕ ಮನಸಿರಲಿಲ್ಲ.

ಅಷ್ಟರಾಗ ಅವ್ವನ ಹಣೀ ಮ್ಯಾಲ ಬೆವರು ಮೂಡಿತು. ಗಿಡಕ್ಕ ಒರಗಿದಾಕಿ ಸ್ವಲ್ಪ ಜಾರಿದ್ಳು. ನಾಕೈದು ಮಂದಿ ಕೂಡಿ ಬೆಲ್ಲ ಬಾಯಾಗ ತುರಕೋಣಂದ್ರ, ಅತ್ತಿ ಕೈಯಡ್ಡ ಹಿಡದು, "ಒಂದ ಮಾತಿನ ಕೆಲಸ ಐತಿ, ನೀ ಕೊಡು, ನಿಮ್ಮವ್ವ ತಾನ ಉಣ್ತಾಳ" ಅಂದ್ಳು. ಥೂ ಇವರ! ಆದ್ರ ಅವ್ವಾನೂ ನನ್ನ ನೋಡ್ಲಿಲ್ಲ, ಬೆಲ್ಲಾನೂ ನೋಡ್ಲಿಲ್ಲ, ಆ ಎಲೀನ ನೋಡ್ತಿದ್ಳು. ಅಂವ ಉಣದ ಅಕಿ ಉಣ್ಣಾಕಿ ಅಲ್ಲ. ಯಾವತ್ತೂ ಉಂಡಾಕಿ ಅಲ್ಲ; ಕಡೀ ಬಸ್ಸು ಬಂದು ಅಂವ ಕೈಕಾಲು ತೊಳಕೊಳ್ಳೂತನಕಾ ಕಾದಾಕಿ.

ಆತು, ಅಂದ್ಕೊಂಡೆ. ಹಾಳಾಗಿ ಹೋಗಲಿ. ಮದುವೀನ ಆಗ್ಲಿ, ಮತ್ತೊಂದ ಆಗ್ಲಿ, ನಮ್ಮವ್ವನ ಬಾಯಿಗೆ ಒಂದು ತುತ್ತು ಬೀಳಲಿ. ಎಡಿ ಮುಂದ ಹೋದೆ. ಕೈ ಮುಗದೆ. "ಅಪ್ಪಾ," ಅಂತ ಬಾಯಿ ತಗದೆ.

ತಂತಿ ಮ್ಯಾಲಿಂದ ಏನೋ ನೀಲಿ ಜಾರಿ ಬಂತು. ಎಲಿ ಮ್ಯಾಲ ಧಪ್ ಅಂತ ಬಿತ್ತು, ರೆಕ್ಕಿ ಬಡೀತು, ಭಜಿ ಒಂದು ಉರುಳಿ ಮಣ್ಣಿಗೆ ಬಿತ್ತು, ಚಹಾದ ಗ್ಲಾಸ್ ಅಡ್ಡಾತು. ನಾ ಕಣ್ಣು ಪಿಳಕಸೂದ್ರಾಗ ಹಕ್ಕಿ ಮತ್ತ ತಂತಿ ಮ್ಯಾಲಿತ್ತು. ಕೆಂಪು ಕೊಕ್ಕಿನಾಗ ಒಂದು ಹಸರ ಮಿಡತಿ. ಜ್ವಾಳದ ಬೆಳಿಯಾಗಿಂದ ಹಾರಿ ಬಂದು ಭಜಿ ಮ್ಯಾಲ ಕುಂತಿತ್ತಂತ ಕಾಣತೈತಿ. ಅದನ್ನ ತಂತಿಗೆ ಎಡಕ್ಕ ಬಲಕ್ಕ ಬಡದು ನುಂಗಿ, ಕಿಕ್ಕಿಕ್ಕಿಕ್ಕಿ ಅಂತ ನಕ್ಕಂಗ ಕೂಗಿತು.

ಎಲ್ಲಾರೂ ಒಮ್ಮೆಲೆ ಶುರು ಮಾಡಿದ್ರು.

"ಮುಟ್ಟಿತು! ಎಡಿ ಮುಟ್ಟಿತು!" ಅಂತ ಕಾಕಾ ಆಗಲೇ ಬುತ್ತಿ ಬಿಚ್ಚಾಕ ಕುಂತ.

"ಅದು ಕಾಗಿ ಅಲ್ಲ!" ಅತ್ತಿ.

"ಕಾಗೀನ ಬೇಕಂತ ಯಾವ ಶಾಸ್ತ್ರದಾಗೈತಿ? ಹಕ್ಕಿ ಬಂದ್ರಾತು."

"ಹಂಗಾದ್ರ ಕೋಳೀನ ತಂದು ಬಿಡ್ತಿದ್ವಲ್ಲೋ! ಮತ್ತ ಅದು ಮುಟ್ಟಿದ್ದು ಎಡಿ ಅಲ್ಲ, ಹುಳಾ."

"ಹುಳಾ ಎಲ್ಲಿತ್ತು? ಭಜಿ ಮ್ಯಾಲಿತ್ತು. ಭಜಿ ಎಲ್ಲಿತ್ತು? ಎಲಿ ಮ್ಯಾಲಿತ್ತು!"

ಬಾಜೂ ಹೊಲದ ಅಜ್ಜ, ರೆಕ್ಕಿ ತಾಗಿದ್ರ ಮುಟ್ಟಿದಂಗೋ, ಕೊಕ್ಕು ತಾಗಬೇಕೋ ಅಂತ ಹೊಸಾದೊಂದು ತಗದ. ನಮ್ಮವ್ವ ಅಲ್ಲಿ ಜೋಲಿ ಹೊಡ್ಯಾಕ ಹತ್ಯಾಳ, ಇವರಿಗೆ ಕೊಕ್ಕಿನ ಚಿಂತಿ. ನಾ ಬಾಯಿ ಮಾಡಿದೆ, ಯಾರು ಕೇಳ್ತಾರ? ಕಡೀಕೆ ಅತ್ತಿ ನನ್ನ ರಟ್ಟಿ ಹಿಡದು ನಿಂದರಿಸಿದ್ಳು.

"ಹಕ್ಕಿ ಪಾಠಾ ಹೇಳಾಕಿ ನೀನ ಅದೀ. ನಿಮ್ಮಪ್ಪನ ಮುಂದ ನಿಂತು ಹೇಳು. ಅದು ಕಾಗಿ ಕುಲಕ್ಕ ಸೇರತೈತೇನು? ಹೌದಂದ್ರ ಉಣ್ಣೋಣು. ಅಲ್ಲಂದ್ರ ಮಾತು ಕೊಡು."

ಎಂಥಾ ಇಕ್ಕಟ್ಟು ನೋಡ್ರಿ. ಪುಸ್ತಕದವರಿಗೆ ಅದನ್ನ ಎಲ್ಲಿ ಇಡಬೇಕಂತ ಇನ್ನಾ ಒಮ್ಮತ ಇಲ್ಲ, ನಾ ಹೊಲದಾಗ ನಿಂತು ತೀರ್ಪು ಕೊಡಬೇಕು. ಅದರಾಗ ಒಂದು ಮಾತ್ರ ಸ್ವಚ್ಛ ಗೊತ್ತಿತ್ತು: ಅದು ಕಾಗಿ ಅಲ್ಲ. ಕಾಲು ಬ್ಯಾರೆ, ಬೆರಳು ಬ್ಯಾರೆ, ಗೂಡು ಬ್ಯಾರೆ, ಗುಂಪು ಬ್ಯಾರೆ. ಹೌದಂದ್ರ ಮದುವಿ ತಪ್ಪಸ್ಕೊಳ್ಳಾಕ ಸುಳ್ಳ ಹೇಳಿದ್ಳು ಅಂತಾರ, ಅದು ಸುಳ್ಳೂ ಹೌದು. ಅಲ್ಲಂದ್ರ ನನ್ನ ಕುತ್ತಿಗಿಗೆ ಬಂತು. ಅಪ್ಪನ ಮ್ಯಾಲ ಎಲ್ಲಿಲ್ಲದ ಸಿಟ್ಟು ಬಂತು ನಂಗ. ಜೀವಾ ಇರೂತನಕಾ ಇದನ್ನ ಹಿಡದು ಕಾಡಿದ್ದು ಸಾಲಲಿಲ್ಲೇನು ಇವಗ?

"ಅದು..." ಅಂದೆ.

"ನಿಮ್ಮಪ್ಪ ಅದಕ್ಕ ಏನಂತಿದ್ದ?"

ದನಿ ಗಿಡದ ಕೆಳಗಿಂದ ಬಂತು. ಅಪ್ಪ ಹೋದ ಮ್ಯಾಲ ಅವ್ವನ ಮೊದಲ ಮಾತು ಅದು. ಎಲ್ಲಾರೂ ಅತ್ತ ತಿರಗಿದ್ರು.

ಕಾಕಾ ಮೆಲ್ಲಕ, "ನೀಲಿ ಕಾಗಿ ಅಂತಿದ್ದ. ಊರಿಗೆಲ್ಲಾ ಗೊತ್ತು" ಅಂದ.

"ಹೌದಲ್ಲ," ಅಂದ್ಳು ಅವ್ವ. "ಎಡಿ ಯಾರದು? ಅವಂದು. ಉಣ್ಣಾಂವ ಅಂವ. ಅಂವ ಯಾವದಕ್ಕ ಕಾಗಿ ಅಂದಾನೋ ಅದ ಕಾಗಿ. ನಡುವ ನೀವ್ಯಾರು?"

ಅತ್ತಿ ಅಷ್ಟಕ್ಕ ಬಿಡಾಕಿ ಅಲ್ಲ. "ಅದೆಲ್ಲಾ ಖರೆ ಅಂತ ಇಟ್ಕೊ, ತಂಗಿ. ಇಷ್ಟೊತ್ತು ಯಾಕ ಬರಲಿಲ್ಲ? ಏನೋ ಆಸೆ ಉಳದೈತಿ ಅಂತ ಆತಿಲ್ಲೊ?"

"ಉಳದೈತಿ," ಅಂದ್ಳು ಅವ್ವ.

ಅತ್ತಿ ಮುಖ ಅರಳಿತು.

ಅವ್ವ ನನ್ನ ನೋಡಿದ್ಳು. "ಅಂವ ದವಾಖಾನ್ಯಾಗ ಇದ್ದಾಗ ಕಿಡಕ್ಯಾಗ ಅಂಥಾದ ಒಂದು ಬಂದು ಕುಂತಿತ್ತು. ನೀ ಔಷಧಾ ತರಾಕ ಹೋಗಿದ್ದಿ. ನಂಗಂದ: ‘ನಾ ಏನೂ ಉಳಸ್ಕೊಂಡಿಲ್ಲ. ಇಕಿ ಬಾಯಿಲೆ ಒಮ್ಮೆ ಅದಕ್ಕ ಕಾಗಿ ಅನ್ನಸಬೇಕಿತ್ತು. ಅದೊಂದ ಆಗಲಿಲ್ಲ ನೋಡ.’ ನಕ್ಕೋತನ ಅಂದ." ಸ್ವಲ್ಪ ದಮ್ಮು ತಗೊಂಡ್ಳು. "ಅಷ್ಟ ಉಳದದ್ದು. ಮದುವಿಲ್ಲ, ಕಾಶಿಲ್ಲ. ಅನ್ನು."

ಅತ್ತಿ ಕೈ ನನ್ನ ರಟ್ಟಿ ಬಿಟ್ಟಿತು. ಎಷ್ಟ ಸಲ ಕೇಳಿದ್ದ, ಎಷ್ಟ ಸಲ ಆಗೂದಿಲ್ಲ ಅಂದಿದ್ದೆ, ಅದರ ಹಟ ಇನ್ನಾ ನಾಲಿಗಿ ಮ್ಯಾಲ ಕುಂತಿತ್ತು.

"ಕಾಗಿ," ಅಂದೆ.

"ಹೇಂ?"

"ಕಾಗಿ ಅಂದೆನವಾ."

"ನಂಗ ಯಾಕ ಹೇಳ್ತಿ? ಅವಗೇನ ಕೇಳಿಸ್ತು?" ಅಂದ್ಳು ಅವ್ವ. ಹಸೀ ಮಣ್ಣಿನ ಕಡೆ ಕೈ ಮಾಡಿದ್ಳು. "ನೀ ಅವನ ಎಡಕ್ಕ ನಿಂತೀದಿ."

ಹೌದು. ಎಡಕ್ಕ ನಿಂತಿದ್ದೆ. ಸುತ್ತ ಹಾಕ್ಕೊಂಡು ಬಲಕ್ಕ ಹೋದೆ, ಬಗ್ಗಿದೆ, ಬಸ್ಸಿನ ಇಂಜಿನ್ ಸಪ್ಪಳದ ಮ್ಯಾಲ ಒದರ್ತಿದ್ನೆಲ್ಲ, ಹಂಗ ಒದರಿದೆ: "ಕಾಗಿ! ಅಪ್ಪಾ, ಅದು ಕಾಗಿ! ನೀಲಿ ಕಾಗಿ!"

ತಂತಿ ಮ್ಯಾಲಿಂದು ಬೆದರಿ ಬಾಂವಿ ಕಡೆ ಹಾರಿತು. ಕಾಕಾ ಬುತ್ತಿ ಬಿಚ್ಚಿ ಮೊದಲನೇ ರೊಟ್ಟಿ ಅವ್ವನ ಕೈಯಾಗಿಟ್ಟ. ಅವ್ವ ಅದನ್ನ ಮುರದು, ಒಂದ ಚೂರು ಎಣಗಾಯಿ ಹಚ್ಚಿ ಬಾಯಾಗ ಇಟ್ಕೊಂಡ್ಳು. ನುಂಗಿದ್ಳು. ಆಮ್ಯಾಲ ಸೆರಗು ಬಾಯಿಗೆ ಹಿಡದು ಜೋರಾಗಿ ಅತ್ಳು, ಅಂವ ಹೋದ ಮ್ಯಾಲ ಮೊದಲನೇ ಸಲ.